ಸೇತುವೆಯ ಹಣ, ಏಡಿಯ ಅನುದಾನ: ಮುಂಬೈ ಮ್ಯಾಂಗ್ರೋವ್ ನೆರವು ಯಾರಿಗೆ ತಲುಪುತ್ತಿದೆ?

ಮುಂಬೈ: ವರ್ಸೋವಾದಿಂದ ಭಾಯಂದರ್‌ವರೆಗಿನ ಕರಾವಳಿ ರಸ್ತೆಗಾಗಿ ಮ್ಯಾಂಗ್ರೋವ್ ಮರಗಳನ್ನು ತೆರವು ಮಾಡಲು ಬಾಂಬೆ ಹೈಕೋರ್ಟ್ 2025ರ ಡಿಸೆಂಬರ್‌ನಲ್ಲಿ ಮಹಾನಗರ ಪಾಲಿಕೆಗೆ ಅನುಮತಿ ನೀಡಿತು. ಎಲ್ಲರ ಕಣ್ಣಿಗೂ ಬಿದ್ದದ್ದು ಒಂದೇ ಅಂಕಿ: 45,675. ಪಾಲಿಕೆಯ ಲೆಕ್ಕದಲ್ಲಿ ಯೋಜನೆಗೆ ಬಲಿಯಾಗುವ ಮರಗಳ ಸಂಖ್ಯೆ ಅದು. ಪರಿಸರವಾದಿಗಳು ಕೆರಳಿದರು, ಸಂಚಾರ ದಟ್ಟಣೆಯಿಂದ ಬೇಸತ್ತ ಉಪನಗರದವರು ನಿಟ್ಟುಸಿರು ಬಿಟ್ಟರು, ಟಿವಿ ಚರ್ಚೆಗಳು ಎರಡು ದಿನ ನಡೆದು ತಣ್ಣಗಾದವು.

ಇಂಥ ಪ್ರತಿಯೊಂದು ಅನುಮತಿಯ ಹಿಂದೆ ಇನ್ನೊಂದು ಸಾಲು ಇರುತ್ತದೆ. ಯೋಜನೆ ಕೈಗೊಳ್ಳುವ ಸಂಸ್ಥೆ ಮರ ನೆಡಬೇಕು, ಹಣ ಕಟ್ಟಬೇಕು. ಆ ಹಣದ ಒಂದು ಪಾಲು ಕರಾವಳಿ ಜನರ ಸುಸ್ಥಿರ ಜೀವನೋಪಾಯಕ್ಕೆ ಹೋಗಬೇಕು. ಓದಲು ಹಿತವಾಗಿರುವ ಈ ಸಾಲನ್ನು ಯಾರೂ ಹೆಚ್ಚು ಕೆದಕುವುದಿಲ್ಲ. ಹಣ ಎಲ್ಲಿ ಜಮೆಯಾಗುತ್ತದೆ, ಯಾವ ಊರಿಗೆ ಹೋಗುತ್ತದೆ, ಮರ ಕಳೆದುಕೊಂಡ ದಡದವರಿಗೇ ಅದು ಸಿಗುತ್ತದೆಯೇ? ಕರ್ನಾಟಕದ ಕರಾವಳಿಗೂ ಇಂಥದೇ ಹಣ ಬರುವ ಹೊತ್ತಿನಲ್ಲಿ ಮುಂಬೈಯ ಅನುಭವವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಕಾಡು ಕಾಯುವವರಿಗೆ ಹಣ ಎಲ್ಲಿಂದ?

ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ ಮ್ಯಾಂಗ್ರೋವ್‌ಗಾಗಿಯೇ ಒಂದು ಘಟಕ ಶುರುವಾದದ್ದು 2012ರ ಜನವರಿಯಲ್ಲಿ. ಅದಕ್ಕೂ ಮೊದಲೇ, 2005ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಾಜ್ಯದಾದ್ಯಂತ ಈ ಮರಗಳ ನಾಶಕ್ಕೆ ತಡೆ ಹಾಕಿತ್ತು. ಆ ವರ್ಷದ ಜುಲೈ 26ರ ಮಹಾಮಳೆ ಮುಂಬೈಯನ್ನು ಮುಳುಗಿಸಿ ಮೂರು ತಿಂಗಳೂ ಆಗಿರಲಿಲ್ಲ. ಕೆಸರಿನ ಕಾಡು ಎಂದು ಮೂಗು ಮುರಿಯುತ್ತಿದ್ದ ನಗರಕ್ಕೆ ಅದರ ಬೆಲೆ ಆಗ ಅರ್ಥವಾಗಲು ಶುರುವಾಗಿತ್ತು. 2018ರ ಸೆಪ್ಟೆಂಬರ್‌ನ ಅಂತಿಮ ತೀರ್ಪಿನಲ್ಲಿ ಕೋರ್ಟ್ ಇನ್ನೂ ಮುಂದೆ ಹೋಗಿ, ಮ್ಯಾಂಗ್ರೋವ್ ನಾಶ ಎಂದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಧಕ್ಕೆ ಎಂದಿತು. ಸಾರ್ವಜನಿಕ ಹಿತಕ್ಕೆ ಅನಿವಾರ್ಯ ಎಂದು ಸಾಬೀತಾದರೆ ಮಾತ್ರ ವಿನಾಯಿತಿ. ಇಂದು ಪ್ರತಿ ದೊಡ್ಡ ಯೋಜನೆಯೂ ಹೈಕೋರ್ಟ್ ಮೆಟ್ಟಿಲು ಹತ್ತುವುದು ಆ ತೀರ್ಪಿನ ಕಾರಣಕ್ಕೆ.

ಮರ ಕಾಯಲು ಆದೇಶ ಸಿಕ್ಕಿತು, ಹಣ? ಅದಕ್ಕಾಗಿ ಹುಟ್ಟಿದ್ದು ಮ್ಯಾಂಗ್ರೋವ್ ಮತ್ತು ಸಾಗರ ಜೀವವೈವಿಧ್ಯ ಸಂರಕ್ಷಣಾ ಪ್ರತಿಷ್ಠಾನ. ಜನ ಚಿಕ್ಕದಾಗಿ ಮ್ಯಾಂಗ್ರೋವ್ ಫೌಂಡೇಶನ್ ಎನ್ನುತ್ತಾರೆ. ಸರ್ಕಾರದ್ದೇ ಆದರೂ ಸೊಸೈಟಿಯಾಗಿ ನೋಂದಣಿಯಾದ ಸಂಸ್ಥೆ. ಕ್ರೀಕ್ ಮತ್ತು ಕರಾವಳಿಯಲ್ಲಿ ಸೇತುವೆ, ರಸ್ತೆ ಕಟ್ಟುವ ಸಂಸ್ಥೆಗಳು ಅನುಮತಿಯ ಷರತ್ತಾಗಿ ಕಟ್ಟುವ ಹಣವೇ ಇದರ ಮೂಲಧನ. ಅವುಗಳಲ್ಲಿ ಹೆಸರಾದದ್ದು 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು. ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ 21.8 ಕಿಲೋಮೀಟರ್ ಉದ್ದ, ಅದರಲ್ಲಿ 16.5 ಕಿಲೋಮೀಟರ್ ನೀರಿನ ಮೇಲೆ. ಫ್ಲೆಮಿಂಗೋ ಹಕ್ಕಿಗಳಿಗೆ ಹೆಸರಾದ ಶಿವಡಿಯ ಕೆಸರುದಂಡೆಯಿಂದಲೇ ಅದು ಹೊರಡುತ್ತದೆ.

ಇಲ್ಲೇ ಮೊದಲ ಇಕ್ಕಟ್ಟು. ಕ್ರೀಕ್‌ಗೆ ಹೆಚ್ಚು ಕಂಬ ಇಳಿದಷ್ಟೂ ಕ್ರೀಕ್ ಉಳಿಸುವ ನಿಧಿ ದಪ್ಪವಾಗುತ್ತದೆ. ಯೋಜನೆ ನಿಂತರೆ ನಿಧಿಯೂ ಸೊರಗುತ್ತದೆ. ಇದರಲ್ಲಿ ಯಾರ ಕಳ್ಳತನವೂ ಇಲ್ಲ, ವ್ಯವಸ್ಥೆಯನ್ನು ಕಟ್ಟಿರುವ ರೀತಿಯೇ ಹಾಗೆ. ಹಾಳು ಮಾಡಿದವರು ತೆರಬೇಕು ಎಂಬ ನಿಯಮ ನ್ಯಾಯವಾದದ್ದೇ. ಆದರೆ ಕಾಯುವವನ ಸಂಬಳ ಕಡಿಯುವವನ ಜೇಬಿನಿಂದ ಬರುವಾಗ, 'ಈ ಯೋಜನೆ ಬೇಡ' ಎನ್ನುವ ಧ್ವನಿ ಕಚೇರಿಯೊಳಗಿಂದ ಎಷ್ಟು ಗಟ್ಟಿಯಾಗಿ ಬಂದೀತು ಎಂಬ ಪ್ರಶ್ನೆ ಉಳಿಯುತ್ತದೆ.

ಕೇಂದ್ರದ ಹಣವೂ ಇದೆ ಎನ್ನಿ. 2023ರ ಬಜೆಟ್‌ನಲ್ಲಿ ಘೋಷಣೆಯಾದ 'ಮಿಷ್ಟಿ' ಯೋಜನೆಯ ಗುರಿ ಐದು ವರ್ಷದಲ್ಲಿ 9 ರಾಜ್ಯ, 4 ಕೇಂದ್ರಾಡಳಿತ ಪ್ರದೇಶಗಳಲ್ಲಿ ಸುಮಾರು 540 ಚದರ ಕಿಲೋಮೀಟರ್ ಮ್ಯಾಂಗ್ರೋವ್. ಅದೂ ಹೊಸ ಹಣಕ್ಕಿಂತ ಹೆಚ್ಚಾಗಿ ಉದ್ಯೋಗ ಖಾತ್ರಿ ಮತ್ತು ಪರಿಹಾರ ಅರಣ್ಯೀಕರಣ ನಿಧಿಗಳ ಜೋಡಣೆಯನ್ನೇ ನೆಚ್ಚಿಕೊಂಡಿದೆ. ವಿದೇಶಿ ಅನುದಾನದಲ್ಲಿ ದೊಡ್ಡದು ಹಸಿರು ಹವಾಮಾನ ನಿಧಿಯದು. 2018ರ ಅಕ್ಟೋಬರ್‌ನಲ್ಲಿ ಅದು ಆಂಧ್ರಪ್ರದೇಶ, ಮಹಾರಾಷ್ಟ್ರ ಮತ್ತು ಒಡಿಶಾ ಕರಾವಳಿಗೆ 4.34 ಕೋಟಿ ಡಾಲರ್ ನೀಡಲು ಒಪ್ಪಿತು. ರಾಜ್ಯಗಳ ಪಾಲು ಸೇರಿ ಯೋಜನೆಯ ಒಟ್ಟು ಗಾತ್ರ ಸುಮಾರು 13 ಕೋಟಿ ಡಾಲರ್. ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ಏಡಿಯ ಲೆಕ್ಕ

ಈ ಹಣ ಹಳ್ಳಿಗೆ ತಲುಪುವ ದಾರಿ ಎಂದರೆ 2017ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತಂದ ಮ್ಯಾಂಗ್ರೋವ್ ಸಂರಕ್ಷಣೆ ಮತ್ತು ಜೀವನೋಪಾಯ ಯೋಜನೆ. ಊರಿನಲ್ಲಿ ಮ್ಯಾಂಗ್ರೋವ್ ಸಹ-ನಿರ್ವಹಣಾ ಸಮಿತಿ ರಚನೆಯಾಗಬೇಕು. ಸಮಿತಿ ಕಾಡು ಕಾಯಲು ಒಪ್ಪಬೇಕು. ಪ್ರತಿಯಾಗಿ ಏಡಿ ಸಾಕಣೆ, ಸಿಂಪಿ ಮತ್ತು ಪಚ್ಚಿಲೆ ಕೃಷಿ, ಪಂಜರದಲ್ಲಿ ಮೀನು ಬೆಳೆಸುವುದು, ಅಲಂಕಾರಿಕ ಮೀನು, ಸುಧಾರಿತ ಭತ್ತ, ಪರಿಸರ ಪ್ರವಾಸೋದ್ಯಮ ಇವುಗಳಿಗೆ ಅನುದಾನ. ಗುಂಪಾಗಿ ಬಂದರೆ ವೆಚ್ಚದ ಶೇಕಡ 90, ಒಬ್ಬರೇ ಬಂದರೆ ಶೇಕಡ 75.

ಕಾಗದದ ಮೇಲೆ ಇದು ಉದಾರ ಯೋಜನೆ. ಒಂದು ಉದಾಹರಣೆ ಹಾಕಿ ನೋಡೋಣ. ಹತ್ತು ಮಂದಿಯ ಸ್ವಸಹಾಯ ಗುಂಪು 4 ಲಕ್ಷ ರೂಪಾಯಿಯ ಏಡಿ ಘಟಕ ಹಾಕುತ್ತದೆ ಎಂದುಕೊಳ್ಳಿ. ಸರ್ಕಾರದ ಪಾಲು 3.6 ಲಕ್ಷ. ಗುಂಪು ಹೊಂದಿಸಬೇಕಾದದ್ದು 40 ಸಾವಿರ, ತಲಾ 4 ಸಾವಿರ. ಬ್ಯಾಂಕ್ ಸಾಲವಿಲ್ಲ, ಅಡಮಾನವಿಲ್ಲ. ಇಷ್ಟು ಸುಲಭದ ಬಂಡವಾಳ ಕರಾವಳಿಯ ಮಹಿಳೆಗೆ ಬೇರೆಲ್ಲಿ ಸಿಕ್ಕೀತು?

ತೊಡಕಿರುವುದು ಎರಡನೇ ಸುತ್ತಿನಲ್ಲಿ. ಮ್ಯಾಂಗ್ರೋವ್ ಪಕ್ಕದ ಕೆಸರಿನಲ್ಲಿ ಬಲೆ ಕಟ್ಟಿ ಆವರಣ ಮಾಡಿ ಏಡಿಮರಿ ಬಿಡುತ್ತಾರೆ. ಭರತದ ನೀರು ಬಂದು ಹೋಗುತ್ತಿರಬೇಕು. ಮಾರುಕಟ್ಟೆಗೆ ಬೇಕಾದ ಗಾತ್ರ ಬರಲು ಎಂಟು ಹತ್ತು ತಿಂಗಳು ಬೇಕು. ಆ ತನಕ ದಿನವೂ ಆಹಾರ ಹಾಕಬೇಕು, ಅದಕ್ಕೆ ಅಗ್ಗದ ಮೀನು ಕೊಳ್ಳಬೇಕು. ಏಡಿ ಚಿಪ್ಪು ಕಳಚಿ ಮೆತ್ತಗಾದಾಗ ಪಕ್ಕದ ಏಡಿಯೇ ಅದನ್ನು ತಿಂದು ಮುಗಿಸುತ್ತದೆ. ಬಿಟ್ಟ ಮರಿಗಳಷ್ಟೂ ಕೈಗೆ ಸಿಗುತ್ತವೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಮಳೆಗಾಲದ ನೆರೆ ಬಲೆಯನ್ನು ಹರಿದರೆ ಒಂದು ರಾತ್ರಿಯಲ್ಲಿ ಎಲ್ಲ ಖಾಲಿ. ಮೊದಲ ಸುತ್ತಿನ ಬಲೆ, ಕಂಬ, ಮರಿ, ಆಹಾರ ಎಲ್ಲದಕ್ಕೂ ಅನುದಾನ ಇದ್ದರೂ ಎರಡನೇ ಸುತ್ತಿನ ಮರಿಗೆ ಗುಂಪಿನ ಉಳಿತಾಯವೇ ಗತಿ. ಹಾಗಾಗಿ ಇಂಥ ಯೋಜನೆಯ ಯಶಸ್ಸನ್ನು 'ಇಷ್ಟು ಘಟಕ ಸ್ಥಾಪನೆ' ಎಂಬ ಅಂಕಿಯಿಂದ ಅಳೆಯುವುದು ಸರಿಯಲ್ಲ. ಅನುದಾನ ನಿಂತ ಮೂರನೇ ವರ್ಷ ಆವರಣದಲ್ಲಿ ಏಡಿ ಇದೆಯೇ ಎಂದು ಕೇಳಬೇಕು. ಇಲಾಖೆಗಳು ಹೆಮ್ಮೆಯಿಂದ ಹೇಳುವುದು ಮೊದಲ ಅಂಕಿಯನ್ನೇ, ಪತ್ರಕರ್ತರಾದ ನಾವು ಬರೆದುಕೊಳ್ಳುವುದೂ ಅದನ್ನೇ.

ಯಶಸ್ಸಿನ ಕಥೆ ಇಲ್ಲವೆಂದಲ್ಲ. ಗೋವಾ ಗಡಿಗೆ ತಾಗಿದ ಸಿಂಧುದುರ್ಗದ ವೆಂಗುರ್ಲಾದಲ್ಲಿ 'ಸ್ವಾಮಿನಿ' ಎಂಬ ಮಹಿಳಾ ಗುಂಪು ಮಾಂಡವಿ ಖಾರಿಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಮ್ಯಾಂಗ್ರೋವ್ ತೋರಿಸುತ್ತದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ ಶುರುವಾದ ಈ ಸಫಾರಿಯ ಹುಟ್ಟು ಹಾಕುವವರು, ವಿವರಣೆ ಕೊಡುವವರು ಎಲ್ಲರೂ ಅದೇ ಊರಿನ ಹೆಂಗಸರು. ಅಲ್ಲಿ ಕೆಲಸ ಮಾಡಿದ ಸಂಗತಿಗಳನ್ನು ಗಮನಿಸಿ. ಖಾರಿಯ ನೀರು ಸ್ವಚ್ಛವಾಗಿದೆ, ದಡ ಊರಿನವರ ಕೈಯಲ್ಲಿದೆ, ಪ್ರವಾಸಿಗರು ಹೇಗೂ ಬರುತ್ತಾರೆ. ಅನುದಾನ ತಂದುಕೊಟ್ಟದ್ದು ದೋಣಿ ಮತ್ತು ತರಬೇತಿಯನ್ನು, ಉಳಿದದ್ದೆಲ್ಲ ಮೊದಲೇ ಇತ್ತು.

ಠಾಣೆ ಕ್ರೀಕ್‌ನ ಕಥೆ ಬೇರೆ

ಈಗ ಮುಂಬೈಗೆ ವಾಪಸಾಗೋಣ. ಐರೋಲಿ ಸೇತುವೆಯಿಂದ ವಾಶಿ ಸೇತುವೆಯವರೆಗಿನ ಕ್ರೀಕ್ ಭಾಗವನ್ನು 2015ರ ಆಗಸ್ಟ್‌ನಲ್ಲಿ ಫ್ಲೆಮಿಂಗೋ ಅಭಯಾರಣ್ಯ ಎಂದು ಘೋಷಿಸಲಾಯಿತು. ಸುಮಾರು 1,690 ಹೆಕ್ಟೇರ್, ಅದರಲ್ಲಿ 896 ಹೆಕ್ಟೇರ್ ಮ್ಯಾಂಗ್ರೋವ್, 794 ಹೆಕ್ಟೇರ್ ನೀರು. ಮಾಲ್ವಣ ಬಿಟ್ಟರೆ ಮಹಾರಾಷ್ಟ್ರದ ಎರಡನೇ ಸಾಗರ ಅಭಯಾರಣ್ಯ ಇದು. 2021ರಲ್ಲಿ ಸುತ್ತಲಿನ 48.32 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಾಯಿತು. 2022ರ ಆಗಸ್ಟ್‌ನಲ್ಲಿ ರಾಮ್ಸರ್ ಪಟ್ಟಿ ಸೇರಿತು.

ಲೋಕಲ್ ರೈಲಿನಲ್ಲಿ ವಾಶಿ ಸೇತುವೆ ದಾಟುವ ನೆರೂಲ್, ಸಾನ್‌ಪಾಡಾ, ಖಾರ್‌ಘರ್‌ನ ಸಾವಿರಾರು ಕನ್ನಡಿಗರಿಗೆ ಈ ನೀರು ದಿನಾ ಕಿಟಕಿಯಲ್ಲಿ ಕಾಣುವ ದೃಶ್ಯ. ಚಳಿಗಾಲದಲ್ಲಿ ಲಕ್ಷ ದಾಟುವ ಗುಲಾಬಿ ಹಕ್ಕಿಗಳು ಬಂದರೆ ಮೊಬೈಲ್ ಹೊರಬರುತ್ತದೆ. 2024ರ ಮೇ ತಿಂಗಳಲ್ಲಿ ದುಬೈಯಿಂದ ಬಂದ ವಿಮಾನಕ್ಕೆ ಡಿಕ್ಕಿಯಾಗಿ ಘಾಟ್ಕೋಪರ್‌ನಲ್ಲಿ ಸುಮಾರು 40 ಫ್ಲೆಮಿಂಗೋಗಳು ಸತ್ತು ಬಿದ್ದಾಗ ದೇಶವೇ ಮರುಗಿತು. ಅದೇ ನೀರಿನಲ್ಲಿ ಬಲೆ ಹಾಕುವ ಭಾಂಡುಪ್, ಟ್ರಾಂಬೆ, ವಾಶಿ, ದಿವಾಳೆಯ ಕೋಲಿ ಮೀನುಗಾರರು ಮಾತ್ರ ಈ ಚಿತ್ರದ ಚೌಕಟ್ಟಿನಿಂದ ಹೊರಗೇ ಉಳಿಯುತ್ತಾರೆ. (ಮರಾಠಿಯಲ್ಲಿ ಉಚ್ಚಾರ 'ಕೋಳಿ' ಎಂದೇ. ಕನ್ನಡದಲ್ಲಿ ಅರ್ಥ ಬೇರೆಯಾಗುವುದರಿಂದ ನಮ್ಮ ಡೆಸ್ಕ್‌ನಲ್ಲಿ 'ಕೋಲಿ' ಎಂದು ಬರೆಯುತ್ತೇವೆ.)

ವೆಂಗುರ್ಲಾದ ಮಾದರಿಯನ್ನು ಇಲ್ಲಿ ಇಡಲು ನೋಡಿ. ಕ್ರೀಕ್‌ನ ಒಂದು ದಡದಲ್ಲಿ ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿ. ಇನ್ನೊಂದು ದಡದಲ್ಲಿ ದೇವನಾರ್ ಮತ್ತು ಕಾಂಜೂರ್‌ಮಾರ್ಗ್‌ನ ಕಸದ ರಾಶಿ, ಭಾಂಡುಪ್ ಮತ್ತು ಘಾಟ್ಕೋಪರ್‌ನ ಕೊಳಚೆ ನೀರಿನ ಹರಿವು. ಸಿಂಪಿ ಮತ್ತು ಪಚ್ಚಿಲೆ ನೀರನ್ನು ಸೋಸಿ ಬದುಕುವ ಜೀವಿಗಳು. ನೀರಿನಲ್ಲಿರುವ ರೋಗಾಣು, ಭಾರಲೋಹ ಎಲ್ಲವೂ ಅವುಗಳ ಮಾಂಸದಲ್ಲಿ ಸೇರುತ್ತದೆ. ಕೊಳಚೆ ಹರಿಯುವ ಕ್ರೀಕ್‌ನಲ್ಲಿ ಸಿಂಪಿ ಬೆಳೆಸಿ ಹೋಟೆಲ್‌ಗೆ ಮಾರಲು ಯಾವ ಆಹಾರ ಸುರಕ್ಷತಾ ನಿಯಮವೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಅಂದರೆ ಅನುದಾನದ ಪಟ್ಟಿಯಲ್ಲಿರುವ ಅರ್ಧ ಚಟುವಟಿಕೆಗಳು ಮುಂಬೈಯ ಮೀನುಗಾರನಿಗೆ ಬರೀ ಹೆಸರಿಗೆ ಮಾತ್ರ.

ವಿಚಿತ್ರವೆಂದರೆ ಅದೇ ಕೊಳಚೆಯ ಪೋಷಕಾಂಶದಿಂದ ಬೆಳೆಯುವ ಪಾಚಿಯೇ ಇಲ್ಲಿ ಫ್ಲೆಮಿಂಗೋಗಳ ಸಂಖ್ಯೆ ಹೆಚ್ಚಲು ಒಂದು ಕಾರಣ ಎಂದು ಪಕ್ಷಿತಜ್ಞರು ಹೇಳುತ್ತಾರೆ. ಹಕ್ಕಿಗೆ ಹೊಂದಿಕೆಯಾದ ನೀರು ಮೀನಿಗೆ ಹೊಂದಿಕೆಯಾಗಿಲ್ಲ. ಗುಲಾಬಿ ಬಣ್ಣ ನೋಡಿ ಕ್ರೀಕ್ ಆರೋಗ್ಯವಾಗಿದೆ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಉಳಿಯುವುದು ಪ್ರವಾಸೋದ್ಯಮ. ಐರೋಲಿಯಲ್ಲಿ ಮ್ಯಾಂಗ್ರೋವ್ ಫೌಂಡೇಶನ್‌ನ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ, ಅಲ್ಲಿಂದ ಫ್ಲೆಮಿಂಗೋ ದೋಣಿ ವಿಹಾರ ಹೊರಡುತ್ತದೆ. ಚೆನ್ನಾಗಿದೆ, ಹೋಗಿ ನೋಡುವಂತಿದೆ. ಆದರೆ ಹಕ್ಕಿಗಳ ಕಾಲ ವರ್ಷದಲ್ಲಿ ಕೆಲವು ತಿಂಗಳು, ದೋಣಿಗಳು ಬೆರಳೆಣಿಕೆ. ಒಂದು ಇಡೀ ಕ್ರೀಕ್‌ನ ಮೀನುಗಾರಿಕೆಗೆ ಅದು ಬದಲಿ ಆಗಲಾರದು.

ಹೀಗಾಗಿ ಹಣದ ಹರಿವಿನಲ್ಲಿ ಒಂದು ಓರೆ ಕಾಣುತ್ತದೆ. ನಷ್ಟ ಹೆಚ್ಚಾಗಿ ಆಗುತ್ತಿರುವುದು ಮುಂಬೈ, ನವಿ ಮುಂಬೈ, ಠಾಣೆಯ ದಡದಲ್ಲಿ, ಏಕೆಂದರೆ ಸೇತುವೆ, ಬುಲೆಟ್ ರೈಲು, ಕರಾವಳಿ ರಸ್ತೆ ಬರುವುದು ಇಲ್ಲೇ. ಬುಲೆಟ್ ರೈಲಿಗಾಗಿ ಸುಮಾರು 20 ಸಾವಿರ ಮ್ಯಾಂಗ್ರೋವ್ ಕಡಿಯಲು 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅನುಮತಿ ಕೊಟ್ಟಿತ್ತು. ಮೊದಲ ಪ್ರಸ್ತಾವ 53 ಸಾವಿರಕ್ಕಿಂತ ಹೆಚ್ಚಿತ್ತು. ಆದರೆ ಏಡಿ, ಸಿಂಪಿ, ಸಫಾರಿ ನೆರವು ಫಲಿಸುವುದು ರತ್ನಾಗಿರಿ, ಸಿಂಧುದುರ್ಗದಂಥ ದೂರದ, ಸ್ವಚ್ಛ ಖಾರಿಗಳಲ್ಲಿ. ಕೊಂಕಣದ ಆ ಹಳ್ಳಿಗಳಿಗೆ ಹಣ ಸಿಗುವುದು ತಪ್ಪೆಂದು ಯಾರೂ ಹೇಳಲಾರರು, ಅವರಿಗೂ ಬೇಕು. ತೊಂದರೆ ಇರುವುದು ಆ ಖರ್ಚನ್ನು ಮುಂಬೈಯ ನಷ್ಟಕ್ಕೆ ಪರಿಹಾರ ಎಂದು ಕರೆಯುವುದರಲ್ಲಿ.

ಅನುದಾನವೋ, ಹಕ್ಕೋ?

ಈ ಪ್ರಶ್ನೆಗೆ ಕೋರ್ಟ್‌ನಿಂದಲೇ ಒಂದು ಉತ್ತರ ಬಂದಿದೆ, ಅದು ಸಿಗಬೇಕಾದಷ್ಟು ಪ್ರಚಾರ ಪಡೆಯಲಿಲ್ಲ. ವಾಶಿಯಲ್ಲಿ ಮೂರನೇ ಠಾಣೆ ಕ್ರೀಕ್ ಸೇತುವೆ ಕಟ್ಟಲು ಹೊರಟಾಗ ಮರಿಆಯಿ ಮಚ್ಛೀಮಾರ್ ಸಹಕಾರಿ ಸಂಸ್ಥೆ ಎಂಬ ಮೀನುಗಾರರ ಸಂಘ ಬಾಂಬೆ ಹೈಕೋರ್ಟ್‌ಗೆ ಹೋಯಿತು. ಸೇತುವೆ ಬೇಡ ಎಂದು ಅವರು ಹಟ ಹಿಡಿಯಲಿಲ್ಲ. ನಮ್ಮ ಮೀನಿನ ಜಾಗ ಹೋಗುತ್ತಿದೆ, ಅದಕ್ಕೆ ಪರಿಹಾರ ಬೇಕು ಎಂದರು. 2021ರ ಆಗಸ್ಟ್‌ನ ತೀರ್ಪಿನಲ್ಲಿ ಕೋರ್ಟ್, ಕ್ರೀಕ್‌ನಲ್ಲಿ ಮೀನು ಹಿಡಿಯುವುದು ಈ ಸಮುದಾಯದ ಸಾಂಪ್ರದಾಯಿಕ ಹಕ್ಕು, ಅದಕ್ಕೆ ಧಕ್ಕೆಯಾದರೆ ಪರಿಹಾರ ಸಿಗಲೇಬೇಕು ಎಂದು ಹೇಳಿ, ರಾಜ್ಯದಲ್ಲಿ ಅದಕ್ಕೊಂದು ನೀತಿ ರೂಪಿಸುವಂತೆ ಸೂಚಿಸಿತು.

ವ್ಯತ್ಯಾಸ ಸಣ್ಣದಲ್ಲ. ಅನುದಾನವನ್ನು ಅರ್ಜಿ ಹಾಕಿ ಪಡೆಯಬೇಕು. ಸಿಗಬಹುದು, ಸಿಗದಿರಬಹುದು. ಯೋಜನೆಯ ನಮೂನೆಗೆ ನಮ್ಮ ಬದುಕು ಹೊಂದಬೇಕು. ಪರಿಹಾರ ಹಾಗಲ್ಲ, ಅದು ಕಳೆದುಕೊಂಡದ್ದಕ್ಕೆ ಸಿಗುವ ಬೆಲೆ. ಅನುದಾನದಲ್ಲಿ ಕೊಡುವವನು ದಾನಿ, ಪರಿಹಾರದಲ್ಲಿ ಅವನು ಬಾಕಿದಾರ. ಏಡಿ ಸಾಕಣೆಯ ಫಲಾನುಭವಿ ಎಂದು ಫೋಟೋ ತೆಗೆಸಿಕೊಂಡ ಮೀನುಗಾರನನ್ನು ನಾಳೆ 'ನಿನಗೆ ಈಗಾಗಲೇ ಕೊಟ್ಟಾಯಿತಲ್ಲ' ಎಂದು ಸಾಗಹಾಕುವುದು ಬಹಳ ಸುಲಭ.

ಪರಿಹಾರಕ್ಕೂ ಅದರದ್ದೇ ಕಷ್ಟವಿದೆ ಎಂಬುದನ್ನು ಒಪ್ಪಬೇಕು. ಅಟಲ್ ಸೇತುವಿಗಾಗಿ ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮೀನುಗಾರರಿಗೆ ಪರಿಹಾರ ನೀಡಿದಾಗ ಮುಖ್ಯ ಪ್ರಶ್ನೆಯಾದದ್ದು ಪಟ್ಟಿಯಲ್ಲಿ ಯಾರಿರಬೇಕು ಎಂಬುದು. ಯಾಂತ್ರಿಕ ದೋಣಿ ಇರುವವರಿಗೆ ನೋಂದಣಿ ಸಂಖ್ಯೆ ಇದೆ, ಅವರನ್ನು ಎಣಿಸಬಹುದು. ಇಳಿತದ ಹೊತ್ತಿನಲ್ಲಿ ಕೆಸರಿಗೆ ಇಳಿದು ಕೈಯಲ್ಲಿ ಚಿಪ್ಪು, ಏಡಿ ಹೆಕ್ಕುವ ಹೆಂಗಸಿಗೆ ಯಾವ ನೋಂದಣಿ? ಬಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವವಳಿಗೆ? ಕ್ರೀಕ್ ಮುಚ್ಚಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಇವರೇ, ಪಟ್ಟಿಯಲ್ಲಿ ಕೊನೆಗೆ ಬರುವವರೂ ಇವರೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದಕ್ಕೊಂದು ಎಳೆ ಇದೆ. ಪ್ರಾದೇಶಿಕ ಜಲಭಾಗವನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ವೃತ್ತಿ ಹಿತಾಸಕ್ತಿ ಕಾಪಾಡಲು ಸಾಕಷ್ಟು ಕ್ರಮ ಕೈಗೊಂಡಿರಬೇಕು ಎಂದು ಕಾಯ್ದೆಯ 26ಎ ಕಲಂ ಹೇಳುತ್ತದೆ. ಕಾನೂನು ರೂಪಿಸಿದವರಿಗೆ ನೀರಿನ ಕಾಡು ಭೂಮಿಯ ಕಾಡಿನಂತಲ್ಲ, ಅದರೊಳಗೆ ದುಡಿಯುವವರಿದ್ದಾರೆ ಎಂಬ ಅರಿವಿತ್ತು. 'ಸಾಕಷ್ಟು ಕ್ರಮ' ಎಂದರೆ ಏನು ಎಂಬುದನ್ನು ಮಾತ್ರ ಬಿಡಿಸಿ ಹೇಳಿಲ್ಲ.

ತೀರ್ಮಾನ ಯಾರ ಕೈಯಲ್ಲಿ

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆನ್ಯಾದ ಗಾಜಿ ಕೊಲ್ಲಿಯಲ್ಲಿ 'ಮಿಕೊಕೊ ಪಮೋಜಾ' ಎಂಬ ಯೋಜನೆ ಇದೆ. ಸ್ವಾಹಿಲಿಯಲ್ಲಿ 'ಮ್ಯಾಂಗ್ರೋವ್ ಜೊತೆಯಾಗಿ' ಎಂದರ್ಥ. 117 ಹೆಕ್ಟೇರ್ ಮ್ಯಾಂಗ್ರೋವ್ ಕಾಯುವುದಕ್ಕೆ ಪ್ರತಿಯಾಗಿ ಇಂಗಾಲದ ಕ್ರೆಡಿಟ್ ಮಾರಿ ಹಣ ಗಳಿಸುವ ಈ ಯೋಜನೆ 2013ರಿಂದ ನಡೆಯುತ್ತಿದೆ. ಠಾಣೆ ಅಭಯಾರಣ್ಯದ ಎಂಟನೇ ಒಂದು ಭಾಗದಷ್ಟೂ ಇಲ್ಲದ ಕಾಡು. ಬಂದ ಹಣವೂ ಭಾರಿಯೇನಲ್ಲ. ಆದರೆ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಊರಿನವರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ಅವರು ಆರಿಸಿಕೊಂಡದ್ದು ಏಡಿಯನ್ನಲ್ಲ. ಕುಡಿಯುವ ನೀರಿನ ವ್ಯವಸ್ಥೆ, ಶಾಲೆಯ ಪುಸ್ತಕ ಮತ್ತು ರಿಪೇರಿಯಂಥ ಎಲ್ಲರ ಪಾಲಿನ ಕೆಲಸಗಳನ್ನು.

ಮಹಾರಾಷ್ಟ್ರದ ಯೋಜನೆಯಲ್ಲಿ ಸಹ-ನಿರ್ವಹಣಾ ಸಮಿತಿ ಎಂಬ ಹೆಸರಿದೆ, ಆದರೆ ಚಟುವಟಿಕೆಗಳ ಪಟ್ಟಿ ಮೇಲಿಂದಲೇ ಬರುತ್ತದೆ. ಊರು ಅದರಲ್ಲಿ ಆರಿಸಿಕೊಳ್ಳಬೇಕು. ಮುಂಬೈಯ ಕೋಲಿವಾಡಗಳಿಗೆ ಒಮ್ಮೆ ಖಾಲಿ ಹಾಳೆ ಕೊಟ್ಟು 'ನಿಮಗೇನು ಬೇಕು ಬರೆಯಿರಿ' ಎಂದರೆ ಏನು ಬರೆದಾರು? ಊಹಿಸುವುದು ಕಷ್ಟವಲ್ಲ. ಬಲೆ ಒಣಗಿಸುವ ಜಾಗದ ಗಡಿ ಗುರುತು, ಹೂಳು ತುಂಬಿದ ದೋಣಿ ದಾರಿಯ ಸ್ವಚ್ಛತೆ, ಮಂಜುಗಡ್ಡೆ ಘಟಕ, ಮಾರುಕಟ್ಟೆಯಲ್ಲಿ ಹೆಂಗಸರಿಗೆ ಕೂರಲು ಕಟ್ಟೆ, ಚರಂಡಿ ನೀರು ಸಂಸ್ಕರಿಸಿಯೇ ಬಿಡಬೇಕೆಂಬ ಖಾತ್ರಿ. ಕೋಲಿವಾಡಗಳ ಗಡಿ ಗುರುತಿಸುವ ಕೆಲಸವಂತೂ ವರ್ಷಗಳಿಂದ ಎಳೆಯುತ್ತಿದೆ. ಇವು ಯಾವುವೂ 'ಸುಸ್ಥಿರ ಜೀವನೋಪಾಯ ಚಟುವಟಿಕೆ' ಎಂಬ ಶೀರ್ಷಿಕೆಯಡಿ ಸುಲಭವಾಗಿ ಕೂರುವುದಿಲ್ಲ. ಆದರೂ ಮೀನುಗಾರಿಕೆಯನ್ನೇ ಮೀನುಗಾರನ ಸುಸ್ಥಿರ ಉದ್ಯೋಗ ಎಂದು ಒಪ್ಪಿಕೊಂಡರೆ ಮೊದಲು ಹಣ ಹಾಕಬೇಕಾದದ್ದು ಇವಕ್ಕೇ.

ಅಧಿಕಾರಿಗಳ ಕಡೆಯ ವಾದವನ್ನೂ ಹೇಳಬೇಕು. ಮಹಾರಾಷ್ಟ್ರದಲ್ಲಿ ಈಗ ಸುಮಾರು 315 ಚದರ ಕಿಲೋಮೀಟರ್ ಮ್ಯಾಂಗ್ರೋವ್ ಇದೆ. ದೇಶದ ಒಟ್ಟು 4,992 ಚದರ ಕಿಲೋಮೀಟರ್ ಎಂದು 2023ರ ಅರಣ್ಯ ಸಮೀಕ್ಷೆ ಹೇಳುತ್ತದೆ. ಇಷ್ಟು ದೊಡ್ಡ ನಗರದ ಒತ್ತಡದ ನಡುವೆ ಇಷ್ಟು ಉಳಿದಿರುವುದು, 2020ರಲ್ಲಿ ಒಂದು ಪ್ರಭೇದವನ್ನು ರಾಜ್ಯದ ಮ್ಯಾಂಗ್ರೋವ್ ವೃಕ್ಷ ಎಂದು ಘೋಷಿಸಿರುವುದು, ಪ್ರತ್ಯೇಕ ಘಟಕ ಮತ್ತು ನಿಧಿ ಕಟ್ಟಿರುವುದು ಕಡಿಮೆ ಸಾಧನೆಯಲ್ಲ. ಅತಿಕ್ರಮಣದ ವಿರುದ್ಧ ದೂರು ದಾಖಲಾಗುವುದು, ಬೇಲಿ ಏಳುವುದು, ಕಾವಲುಗಾರರಿಗೆ ಸಂಬಳ ಸಿಗುವುದು ಈ ವ್ಯವಸ್ಥೆಯಿಂದಲೇ. ಏನೂ ಇಲ್ಲದ ರಾಜ್ಯಕ್ಕಿಂತ ಇದು ಖಂಡಿತ ಮೇಲು.

ನಮ್ಮ ಕರಾವಳಿಗೆ ಹಣ ಬರುವ ಮುನ್ನ

ಏನೂ ಇಲ್ಲದ ರಾಜ್ಯ ಎಂದಾಗ ನೆನಪಾಗುವುದು ನಮ್ಮದೇ. ಕರ್ನಾಟಕದ ಕಾಂಡ್ಲಾ ಕಾಡು ಎಲ್ಲ ಸೇರಿ ಸುಮಾರು 14 ಚದರ ಕಿಲೋಮೀಟರ್. ಈಗ ವಿಶ್ವಬ್ಯಾಂಕ್ ನೆರವಿನ ಕೆ-ಶೋರ್ ಯೋಜನೆ ಬಂದಿದೆ. ರಾಜ್ಯ ಸರ್ಕಾರ ಹೇಳಿದ ಗಾತ್ರ ಸುಮಾರು 840 ಕೋಟಿ ರೂಪಾಯಿ. ಪ್ಲಾಸ್ಟಿಕ್ ಮಾಲಿನ್ಯ ತಡೆಯಿಂದ ಹಿಡಿದು ಕರಾವಳಿ ಪರಿಸರ ಮತ್ತು ಜೀವನೋಪಾಯದವರೆಗೆ ಅದರ ವ್ಯಾಪ್ತಿ. 2024ರ ಜನವರಿ ಕೊನೆಯಲ್ಲಿ ಕುಮಟಾದ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ವಿಸ್ತೀರ್ಣ ಸುಮಾರು 4,801 ಹೆಕ್ಟೇರ್. ಇನ್ನೊಂದು ಕಡೆ ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ಸಂರಕ್ಷಣೆಯ ಹಣ ಮತ್ತು ಬಂದರಿನ ಹಣ ಒಂದೇ ಜಿಲ್ಲೆಗೆ, ಒಂದೇ ಹೊತ್ತಿಗೆ. ಮುಂಬೈಯಲ್ಲಿ ಕಂಡ ಚಿತ್ರವೇ ಇದು, ಗಾತ್ರ ಮಾತ್ರ ಚಿಕ್ಕದು.

ಒಂದು ಅನುಕೂಲವೆಂದರೆ ಅಘನಾಶಿನಿಯ ನೀರು ಠಾಣೆ ಕ್ರೀಕ್‌ನಂತೆ ಹಾಳಾಗಿಲ್ಲ. ಅಲ್ಲಿ ಅನುದಾನ ಕೊಟ್ಟು ಹೊಸ ಉದ್ಯೋಗ ಹುಟ್ಟಿಸುವ ಅಗತ್ಯವೂ ಇಲ್ಲ, ಈಗಿರುವ ಉದ್ಯೋಗವೇ ಸುಸ್ಥಿರವಾಗಿದೆ. ಬಳಚು ಹೆಕ್ಕುವವರಿದ್ದಾರೆ, ಸಿಗಡಿ ಹಿಡಿಯುವವರಿದ್ದಾರೆ, ಮಾಣಿಕಟ್ಟಾ ಕಡೆ ಗಜನಿ ಗದ್ದೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. ಹಿಂದೆ ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರ, ಬಂದರು ಎಂದೆಲ್ಲ ಪ್ರಸ್ತಾವ ಬಂದಾಗ ಈ ಅಳಿವೆ ಉಳಿದದ್ದು ಇಂಥವರ ಹೋರಾಟದಿಂದ.

ಮುಂಬೈಗೆ ಹೋಗಿ ನೆಲೆಸಿದ ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಊರಿನಲ್ಲಿ ಕಡಲಿನ ಮೇಲೆ ಇದ್ದ ಹಿಡಿತ ನಗರದಲ್ಲಿ ಇರುವುದಿಲ್ಲ, ಸಂಘವಾಗಿ ನಿಂತರಷ್ಟೇ ಲೆಕ್ಕಕ್ಕೆ ಬರುತ್ತೇವೆ ಎಂದು ಅವರಿಗೆ ಬೇಗ ತಿಳಿದಿತ್ತು. ವಾಶಿಯ ಮೀನುಗಾರರೂ ಹೈಕೋರ್ಟ್‌ನಲ್ಲಿ ಗೆದ್ದದ್ದು ಸಹಕಾರಿ ಸಂಘದ ಹೆಸರಿನಲ್ಲಿ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರಿಗೆ ದೋಣಿಯ ನೋಂದಣಿ ಇಲ್ಲ. ನಾಳೆ ಅನುದಾನದ ಫಲಾನುಭವಿ ಪಟ್ಟಿಯಾಗಲಿ, ಬಂದರಿನ ಪರಿಹಾರದ ಪಟ್ಟಿಯಾಗಲಿ ತಯಾರಾದರೆ ಅಧಿಕಾರಿ ಮೊದಲು ಕೇಳುವುದು ದಾಖಲೆಯನ್ನು. ಯಾರು, ಯಾವ ದಂಡೆಯಲ್ಲಿ, ಎಷ್ಟು ವರ್ಷದಿಂದ ಹೆಕ್ಕುತ್ತಿದ್ದಾರೆ ಎಂದು ಬರೆದಿಡಲು ವಿಶ್ವಬ್ಯಾಂಕ್‌ನ ಹಣ ಬರುವ ತನಕ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಯ ಒಂದು ರಿಜಿಸ್ಟರ್ ಮತ್ತು ಇಳಿತದ ವೇಳೆಗೆ ದಂಡೆಗೆ ಹೋಗಿ ಹೆಸರು ಕೇಳುವ ಒಬ್ಬ ಸಿಬ್ಬಂದಿ ಇದ್ದರೆ ಕೆಲಸ ಇದೇ ವಾರ ಶುರುವಾಗಬಹುದು.